ಫ್ಲಾರೆನ್ಸ್‌ನಲ್ಲಿ ಎಷ್ಟು ರಾತ್ರಿ ತಂಗಬೇಕು? ಲೆಕ್ಕ ಹಾಕುವ ಕ್ರಮ, ಹಂತ ಹಂತವಾಗಿ

ಇಟಲಿಗೆ ಹೊರಟವರ ಪ್ಲಾನ್‌ಗಳಲ್ಲಿ ಫ್ಲಾರೆನ್ಸ್‌ನ ಪಾಡು ಹೆಚ್ಚುಕಮ್ಮಿ ಒಂದೇ. ರೋಮ್‌ಗೆ ನಾಲ್ಕು ರಾತ್ರಿ, ವೆನಿಸ್‌ಗೆ ಎರಡು ರಾತ್ರಿ ಎಂದು ಮೊದಲೇ ಬರೆದಿಟ್ಟು, ಮಿಕ್ಕಿದ್ದನ್ನು ಫ್ಲಾರೆನ್ಸ್‌ಗೆ ಕೊಡುತ್ತಾರೆ. ಕೆಲವರು ಅದನ್ನೂ ಕೊಡುವುದಿಲ್ಲ. ರೋಮ್‌ನಿಂದ ಬೆಳಗ್ಗೆ ಹೋಗಿ ಸಂಜೆ ವಾಪಸ್ ಬಂದರಾಯ್ತು ಅಂದುಕೊಳ್ಳುತ್ತಾರೆ. ರೈಲು ಒಂದೂವರೆ ಗಂಟೆಯದು, ಊರು ಚಿಕ್ಕದು, ಸ್ಟೇಷನ್‌ನಿಂದ ದೊಡ್ಡ ಗುಮ್ಮಟದ ಚರ್ಚ್‌ಗೆ ಹತ್ತು ನಿಮಿಷದ ನಡಿಗೆ. ಇನ್ನೇನು ಬೇಕು, ಅಲ್ವಾ?

ತೊಂದರೆ ಇರುವುದೇ ಅಲ್ಲಿ. ಊರು ಚಿಕ್ಕದು, ಒಳಗಿರುವ ಸರಕು ಮಾತ್ರ ಚಿಕ್ಕದಲ್ಲ. ಊರನ್ನು ಆಳಿದ ಮೆಡಿಚಿ ಮನೆತನ ತಲೆಮಾರುಗಳ ಕಾಲ ಕೂಡಿಸಿದ ಚಿತ್ರ, ಶಿಲ್ಪಗಳು ಇವತ್ತಿಗೂ ಅಲ್ಲೇ ಇವೆ. ಆ ಮನೆತನದ ಕೊನೆಯ ಕುಡಿ ಅನ್ನಾ ಮಾರಿಯಾ ಲುಯಿಸಾ 1737ರಲ್ಲಿ ಒಂದು ಒಪ್ಪಂದ ಮಾಡಿಸಿದಳು. ಸಂಗ್ರಹದ ಒಂದು ವಸ್ತುವೂ ಫ್ಲಾರೆನ್ಸ್ ಬಿಟ್ಟು ಹೊರಗೆ ಹೋಗಕೂಡದು ಎಂಬುದು ಅದರ ಷರತ್ತು. ಬೇರೆ ಊರುಗಳ ಅರಮನೆ ಸಂಗ್ರಹಗಳು ಹರಾಜಿನಲ್ಲಿ ಚದುರಿಹೋದಾಗ ಇಲ್ಲಿಯದು ಉಳಿದದ್ದು ಆಕೆಯಿಂದ. ನಿಮ್ಮ ಎರಡು ರಾತ್ರಿ ಸಾಲದೇ ಹೋಗುವುದೂ ಆಕೆಯಿಂದಲೇ.

ಆತುರದವರಿಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮೊದಲ ಸಲ ಹೋಗುವ ಹೆಚ್ಚಿನವರಿಗೆ ಮೂರು ರಾತ್ರಿ ಸರಿ. ಆದರೆ ವಾರದ ಯಾವ ಮೂರು ರಾತ್ರಿ, ಯಾರ ಜೊತೆ, ಸುತ್ತಲಿನ ಊರುಗಳಿಗೂ ಹೋಗುತ್ತೀರಾ, ಇವುಗಳ ಮೇಲೆ ಅದು ಎರಡೂ ಆಗಬಹುದು, ಐದೂ ಆಗಬಹುದು.

ಹಂತ 1: ದಿನ ಬಿಡಿ, ಬೆಳಗು ಎಣಿಸಿ

ಪ್ಯಾಕೇಜ್‌ನವರು "ಫ್ಲಾರೆನ್ಸ್ 2 ದಿನ" ಎಂದು ಬರೆದಿದ್ದರೆ ಬಹಳ ಸಲ ಅದು ಒಂದೇ ರಾತ್ರಿ. ಮೊದಲ ದಿನ ರೋಮ್‌ನಲ್ಲಿ ತಿಂಡಿ ಮುಗಿಸಿ, ರೂಮ್ ಖಾಲಿ ಮಾಡಿ, ರೈಲು ಹತ್ತಿ ಇಳಿಯುವಷ್ಟರಲ್ಲಿ ಮಧ್ಯಾಹ್ನ. ಚೆಕ್ ಇನ್ ಎರಡಕ್ಕೋ ಮೂರಕ್ಕೋ. ಮಾರನೆಯ ದಿನ ಹತ್ತಕ್ಕೆ ಮತ್ತೆ ಪೆಟ್ಟಿಗೆ ಕಟ್ಟುವುದು. ಕೈಗೆ ಸಿಕ್ಕಿದ್ದು ಒಂದು ಸಂಜೆ ಅಷ್ಟೇ.

ಈ ಊರಿನಲ್ಲಿ ಬೆಲೆಬಾಳುವ ಹೊತ್ತು ಬೆಳಗಿನದು. ಉಫೀತ್ಸಿ ಗ್ಯಾಲರಿ ಮತ್ತು ಮೈಕೆಲೆಂಜೆಲೊನ ಡೇವಿಡ್ ಇರುವ ಅಕಾಡೆಮಿಯಾ, ಎರಡೂ 8:15ಕ್ಕೆ ತೆರೆಯುತ್ತವೆ. ಹತ್ತರ ಮೇಲೆ ಟೂರ್ ಗುಂಪುಗಳು ಬರತೊಡಗುತ್ತವೆ. ಲಿವೊರ್ನೊ ಬಂದರಿಗೆ ಹಡಗಿನಲ್ಲಿ ಬಂದವರೂ ಅದೇ ಹೊತ್ತಿಗೆ ಬಸ್ಸಿನಲ್ಲಿ ಬಂದಿಳಿಯುತ್ತಾರೆ. ಸಾನ್ ಮಾರ್ಕೊ ಮ್ಯೂಸಿಯಂ ಮಧ್ಯಾಹ್ನ ಎರಡಕ್ಕೆ ಮುಂಚೆಯೇ ಬಾಗಿಲು ಹಾಕುತ್ತದೆ. ತರಕಾರಿ ಮಾರುಕಟ್ಟೆಗಳೂ ಹಾಗೆಯೇ.

ಸಂಜೆಯ ಕಥೆ ಬೇರೆ. ಸೇತುವೆ, ಚೌಕ, ನದಿ ದಂಡೆ, ಗುಡ್ಡದ ಮೇಲಿನ ನೋಟ, ಯಾವುದಕ್ಕೂ ಟಿಕೆಟ್ ಇಲ್ಲ, ಬುಕಿಂಗ್ ಇಲ್ಲ. ಅಂದರೆ ಸಂಜೆ ಪುಕ್ಕಟೆ, ಬೆಳಗು ದುಬಾರಿ. ಒಂದು ರಾತ್ರಿ ತಂಗಿದರೆ ಒಂದು ಬೆಳಗು ಸಿಗುತ್ತದೆ. ಆದ್ದರಿಂದ ನಿಮಗೆ ಎಷ್ಟು ಬೆಳಗು ಬೇಕು ಎಂದು ಗೊತ್ತಾದರೆ ಎಷ್ಟು ರಾತ್ರಿ ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಇಲ್ಲೊಂದು ಸುಲಭದ ಉಪಾಯ. ಹೊರಡುವ ದಿನದ ರೈಲನ್ನು ಬೆಳಗ್ಗೆ ಒಂಬತ್ತಕ್ಕೆ ಬುಕ್ ಮಾಡಬೇಡಿ, ಮಧ್ಯಾಹ್ನ ಎರಡು ಮೂರರ ಮೇಲೆ ಮಾಡಿ. ಲಗೇಜ್ ಹೋಟೆಲ್‌ನಲ್ಲೇ ಬಿಟ್ಟು ಹೋಗಬಹುದು, ಸಾಂತಾ ಮಾರಿಯಾ ನೊವೆಲ್ಲಾ ಸ್ಟೇಷನ್‌ನಲ್ಲೂ ಇಡಲು ಜಾಗವಿದೆ. ವೆನಿಸ್ ಎರಡೂಕಾಲು ಗಂಟೆ, ಮಿಲಾನ್ ಸುಮಾರು ಎರಡು ಗಂಟೆ. ಸಂಜೆಗೆ ಆರಾಮಾಗಿ ತಲುಪುತ್ತೀರಿ. ದುಡ್ಡು ಕೊಡದೆ ಒಂದು ಬೆಳಗು ಉಳಿಯಿತು.

ಹಂತ 2: ಬೇಕಾದ್ದನ್ನು ಬರೆಯಿರಿ, ಒಂದೊಂದಕ್ಕೂ ಹೊತ್ತು ಹಾಕಿ

ಒಂದು ಹಾಳೆ ತಗೊಳ್ಳಿ. ಮನೆಯವರೆಲ್ಲ ಕೂತು, ಬಿಟ್ಟರೆ ಬೇಜಾರಾಗುವ ಜಾಗಗಳನ್ನು ಮಾತ್ರ ಬರೆಯಿರಿ. ಎಲ್ಲರೂ ನೋಡುತ್ತಾರೆ ಎಂಬ ಕಾರಣಕ್ಕೆ ಯಾವುದನ್ನೂ ಸೇರಿಸಬೇಡಿ. ಮನೆಯಲ್ಲಿ ಯಾರಿಗೂ ಚಿತ್ರಕಲೆಯ ಒಲವಿಲ್ಲದಿದ್ದರೆ ಉಫೀತ್ಸಿ ಬಿಟ್ಟರೂ ಪೊಲೀಸರೇನೂ ಹಿಡಿಯುವುದಿಲ್ಲ.

ಉಫೀತ್ಸಿಗೆ ಮೂರು ಗಂಟೆ ಇಡಿ. 1560ರಲ್ಲಿ ಕೊಸಿಮೊ ದೊರೆಯ ಸರ್ಕಾರಿ ಕಚೇರಿಗಳಿಗೆಂದು ವಾಸ್ತುಶಿಲ್ಪಿ ವಸಾರಿ ಶುರು ಮಾಡಿದ ಕಟ್ಟಡ ಅದು. ಮೆಟ್ಟಿಲು ಹತ್ತಿ ಮೇಲಿನ ಮಹಡಿಗೆ ಹೋದರೆ ಎರಡು ಉದ್ದನೆಯ ಪಡಸಾಲೆ, ಪಕ್ಕದಲ್ಲಿ ಕೋಣೆಗಳ ಸಾಲು. 8:15ಕ್ಕೇ ಒಳಗೆ ಹೋದವರು ಮಾಡಬೇಕಾದ್ದು ಒಂದೇ: ಮೊದಲ ಕೋಣೆಗಳಲ್ಲಿ ನಿಲ್ಲದೆ ನೇರ ಬಾಟಿಚೆಲ್ಲಿಯ ಕೋಣೆಗೆ ನಡೆಯುವುದು. ಚಿಪ್ಪಿನ ಮೇಲೆ ನಿಂತ ವೀನಸ್, ಅದರ ಹತ್ತಿರವೇ ವಸಂತದ ದೊಡ್ಡ ಚಿತ್ರ. ಒಂಬತ್ತರ ಒಳಗೆ ಹತ್ತಿರ ನಿಂತು ಹುಲ್ಲಿನಲ್ಲಿರುವ ಸಣ್ಣ ಸಣ್ಣ ಹೂವುಗಳನ್ನು ಒಂದೊಂದಾಗಿ ನೋಡಬಹುದು. ಹನ್ನೊಂದಕ್ಕೆ ಅದೇ ಕೋಣೆಯಲ್ಲಿ ಎತ್ತಿ ಹಿಡಿದ ಮೊಬೈಲ್‌ಗಳ ಬೆನ್ನು ಕಾಣುತ್ತದೆ. ಆಮೇಲೆ ವಾಪಸ್ ಮೊದಲ ಕೋಣೆಗಳಿಗೆ ಬನ್ನಿ. ಎರಡು ಪಡಸಾಲೆಗಳು ಕೂಡುವ ಮೂಲೆಯ ಕಿಟಕಿಯಿಂದ ಆರ್ನೊ ನದಿ, ಹಳೆಯ ಸೇತುವೆ ಪೊಂಟೆ ವೆಕ್ಕಿಯೊ ಕಾಣುತ್ತವೆ. ಅಲ್ಲಿಂದ ಮುಂದೆ ಮೈಕೆಲೆಂಜೆಲೊ, ಲಿಯೊನಾರ್ಡೊ. ಕೆಳಗಿನ ಮಹಡಿಯಲ್ಲಿ ಕಾರವಾಜಿಯೊನ ಮೆಡೂಸಾ. ಅಷ್ಟು ಹೊತ್ತಿಗೆ ಕಾಲು ಸೋತಿರುತ್ತವೆ.

ಅಕಾಡೆಮಿಯಾಗೆ ಒಂದೂಕಾಲು ಗಂಟೆ ಸಾಕು. ಡೇವಿಡ್ 5.17 ಮೀಟರ್ ಎತ್ತರದ ವಿಗ್ರಹ. 1501ರಿಂದ 1504ರ ನಡುವೆ ಕಡೆದದ್ದು. 1873ರಲ್ಲಿ ಸಿನ್ಯೋರಿಯಾ ಚೌಕದಿಂದ ಒಳಗೆ ತಂದರು, ಈಗ ಚೌಕದಲ್ಲಿ ನಿಂತಿರುವುದು ನಕಲು. ಬರೀ ಡೇವಿಡ್ ರೂಪ ನೋಡಿದರೆ ಸಾಕು ಅನ್ನುವವರಿಗೆ ಆ ನಕಲು ಪುಕ್ಕಟೆ ಇದೆ. ಆದರೆ ಅಸಲಿಯ ಕಡೆ ನಡೆಯುವ ದಾರಿಯಲ್ಲಿ ಕಲ್ಲಿನಿಂದ ಅರ್ಧ ಮಾತ್ರ ಹೊರಬಂದ ಕೈದಿಗಳ ಶಿಲ್ಪಗಳಿವೆ. ಉಳಿಯ ಗೆರೆಗಳು ಹಾಗೇ ಉಳಿದಿವೆ. ನನಗೆ ಡೇವಿಡ್‌ಗಿಂತ ಜಾಸ್ತಿ ಇಷ್ಟ ಅವು.

ಡುವೊಮೊ, ಅಂದರೆ ಆ ದೊಡ್ಡ ಗುಮ್ಮಟದ ಚರ್ಚ್, ಒಂದು ಜಾಗವಲ್ಲ, ಒಂದು ಸಂಸಾರ. ಬ್ರೂನೆಲ್ಲೆಸ್ಕಿಯ ಗುಮ್ಮಟ (1420–1436) ಹತ್ತಲು 463 ಮೆಟ್ಟಿಲು, ಲಿಫ್ಟ್ ಇಲ್ಲ. ಪಕ್ಕದ ಜೊಟ್ಟೊನ ಗಂಟೆ ಗೋಪುರಕ್ಕೆ 414. ಎರಡನ್ನೂ ಒಂದೇ ದಿನ ಹತ್ತಬೇಡಿ, ಬೇಕಾಗಿಯೂ ಇಲ್ಲ. ಗುಮ್ಮಟದ ಮೇಲಿಂದ ನೋಡಿದರೆ ಗುಮ್ಮಟ ಕಾಣುವುದಿಲ್ಲ ಎಂಬುದು ನೆನಪಿರಲಿ. ಫೋಟೋಗೆ ಗೋಪುರವೇ ಮೇಲು. ಚರ್ಚ್ ಒಳಗೆ ಹೋಗಲು ದುಡ್ಡಿಲ್ಲ, ಕ್ಯೂ ಉದ್ದ, ಒಳಗೆ ಖಾಲಿ ಖಾಲಿ. ಒಳಗಿದ್ದ ಒಳ್ಳೊಳ್ಳೆಯದೆಲ್ಲ ಹಿಂಭಾಗದ ಮ್ಯೂಸಿಯಂ ಸೇರಿದೆ. ಎದುರಿನ ದೀಕ್ಷಾಸ್ನಾನದ ಕಟ್ಟಡಕ್ಕೆ ಗಿಬೆರ್ಟಿ ಮಾಡಿದ ಚಿನ್ನದ ಲೇಪದ ಕಂಚಿನ ಬಾಗಿಲುಗಳ ಅಸಲಿ, ಮೈಕೆಲೆಂಜೆಲೊ ಮುಪ್ಪಿನಲ್ಲಿ ಕಡೆದ ಪಿಯೆತಾ (ಸತ್ತ ಯೇಸುವನ್ನು ಹಿಡಿದವರ ಶಿಲ್ಪ), ಎರಡೂ ಅಲ್ಲಿವೆ. ಜನ ಕಮ್ಮಿ. ಒಟ್ಟಾರೆ ಗುಮ್ಮಟ ಮತ್ತು ಮ್ಯೂಸಿಯಂಗೆ ಒಂದು ಅರ್ಧ ದಿನ ತೆಗೆದಿಡಿ. ಗುಮ್ಮಟ ಸೇರಿದ ಟಿಕೆಟ್ ಮೂರು ದಿನ ನಡೆಯುತ್ತದೆ, ಆದರೆ ಗುಮ್ಮಟ ಹತ್ತುವ ಗಂಟೆ ಬುಕ್ ಮಾಡಿದ್ದೇ. ಅದನ್ನು ಬದಲಾಯಿಸಲು ಬಿಡುವುದಿಲ್ಲ.

ಮಿಕ್ಕವು: ಮೈಕೆಲೆಂಜೆಲೊ, ಗೆಲಿಲಿಯೊ, ಮೆಕಿಯಾವೆಲ್ಲಿ ಸಮಾಧಿಗಳಿರುವ ಸಾಂತಾ ಕ್ರೋಚೆ ಚರ್ಚ್ ಒಂದು ಗಂಟೆ. ಡೊನಾಟೆಲ್ಲೊನ ಶಿಲ್ಪಗಳಿರುವ ಬರ್ಜೆಲ್ಲೊ ಮ್ಯೂಸಿಯಂ ಒಂದೂವರೆ ಗಂಟೆ. ನದಿಯಾಚೆಯ ಪಿಟ್ಟಿ ಅರಮನೆ ಎರಡು ಗಂಟೆ, ಅದರ ಹಿಂದಿನ ಬೊಬೊಲಿ ತೋಟ ಇನ್ನೆರಡು.

ಸಾನ್ ಮಾರ್ಕೊಗೆ ಒಂದು ಗಂಟೆ. ಪಟ್ಟಿಯಲ್ಲಿ ಅದು ಯಾರಿಗೂ ಮೊದಲು ಹೊಳೆಯುವುದಿಲ್ಲ, ನಾನು ಮೊದಲು ಬರೆಯುವುದು ಅದನ್ನೇ. ಹಳೆಯ ಕ್ರೈಸ್ತ ಮಠ. ಮೆಟ್ಟಿಲು ಹತ್ತಿ ತಿರುಗಿದ ತಕ್ಷಣ ಎದುರು ಗೋಡೆಯಲ್ಲಿ ಫ್ರಾ ಆಂಜೆಲಿಕೊ ಬರೆದ ದೇವದೂತ ಮತ್ತು ಮೇರಿ. ಮೇಲೆ ಸಾಲಾಗಿ ಸಣ್ಣ ಸಣ್ಣ ಕೋಣೆಗಳು. ಒಂದು ಕಿಟಕಿ, ಒಂದು ಗೋಡೆ ಚಿತ್ರ, ಅಷ್ಟೇ. ಒಬ್ಬೊಬ್ಬ ಸನ್ಯಾಸಿಗೆ ಧ್ಯಾನಕ್ಕೆಂದು ಒಂದೊಂದು ಚಿತ್ರ. ಕೊನೆಯಲ್ಲಿ ಸವೊನರೋಲಾ ಎಂಬ ಸನ್ಯಾಸಿ ಇದ್ದ ಕೋಣೆಗಳು. 1498ರಲ್ಲಿ ಅವನನ್ನು ಕೊಂದು ಸುಟ್ಟ ಜಾಗದ ಗುರುತು ಇವತ್ತೂ ಸಿನ್ಯೋರಿಯಾ ಚೌಕದ ನೆಲದಲ್ಲಿದೆ.

ಈಗ ಕೂಡಿಸಿ. ನಿಯಮ ಒಂದೇ: ಒಂದು ಬೆಳಗಿಗೆ ಒಂದು ದೊಡ್ಡದು. ಉಫೀತ್ಸಿ, ಅಕಾಡೆಮಿಯಾ, ಡುವೊಮೊ, ಪಿಟ್ಟಿ, ಈ ನಾಲ್ಕು ದೊಡ್ಡವು. ಸಣ್ಣವು ಮಧ್ಯಾಹ್ನಕ್ಕೆ. ಬೆಳಗ್ಗೆ ಉಫೀತ್ಸಿ, ಊಟ ಆದ ಮೇಲೆ ಪಿಟ್ಟಿ ಎಂದು ಬರೆದವರು ಪಿಟ್ಟಿಯಲ್ಲಿ ಬೆಂಚು ಹುಡುಕುತ್ತಾರೆ.

ಹಂತ 3: ಕ್ಯಾಲೆಂಡರ್ ಮುಂದಿಟ್ಟುಕೊಳ್ಳಿ

ಹೋಟೆಲ್ ಬುಕ್ ಮಾಡುವ ಮೊದಲು ಮಾಡಬೇಕಾದ ಕೆಲಸ ಇದು. ಉಫೀತ್ಸಿ, ಅಕಾಡೆಮಿಯಾ, ಪಿಟ್ಟಿಯ ಗ್ಯಾಲರಿಗಳು ಸೋಮವಾರ ಮುಚ್ಚಿರುತ್ತವೆ. ಬರ್ಜೆಲ್ಲೊಗೆ ಮಂಗಳವಾರ ರಜೆ. ಭಾನುವಾರ ಡುವೊಮೊ ಚರ್ಚ್ ಪ್ರಾರ್ಥನೆಗೆ, ಸುತ್ತಾಡಿ ನೋಡುವವರಿಗಲ್ಲ. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳಿಗೆ ಟಿಕೆಟ್ ಇಲ್ಲ. ಕೇಳಲು ಚೆಂದ, ಕ್ಯೂ ನೋಡಿದರೆ ಗಾಬರಿ. ಹೋಗುವ ವಾರ ಒಂದೊಂದು ಮ್ಯೂಸಿಯಂನ ಸ್ವಂತ ವೆಬ್‌ಸೈಟ್‌ನಲ್ಲಿ ರಜೆಗಳನ್ನು ಇನ್ನೊಮ್ಮೆ ನೋಡಿಕೊಳ್ಳಿ.

ಈಗ ಈ ಪ್ಲಾನ್ ನೋಡಿ: ಭಾನುವಾರ ಸಂಜೆ ಬಂದು ಎರಡು ರಾತ್ರಿ ತಂಗಿ, ಮಂಗಳವಾರ ಬೆಳಗಿನ ರೈಲಿಗೆ ಹೊರಡುವುದು. ಕಾಗದದ ಮೇಲೆ ಎರಡು ರಾತ್ರಿ. ಕೈಗೆ ಸಿಗುವ ಒಂದೇ ಪೂರ್ತಿ ದಿನ ಸೋಮವಾರ. ಉಫೀತ್ಸಿಯೂ ಇಲ್ಲ, ಡೇವಿಡ್ಡೂ ಇಲ್ಲ. ಅದೇ ಎರಡು ರಾತ್ರಿಯನ್ನು ಮಂಗಳವಾರ ಶುರು ಮಾಡಿದ್ದರೆ ಎರಡೂ ಆಗುತ್ತಿತ್ತು. ರಾತ್ರಿಗಳ ಸಂಖ್ಯೆಗಿಂತ ಅವು ವಾರದ ಯಾವ ದಿನಗಳ ಮೇಲೆ ಬೀಳುತ್ತವೆ ಎಂಬುದು ಇಲ್ಲಿ ಮುಖ್ಯ.

ಸೋಮವಾರ ತಪ್ಪಿಸಲಾಗದಿದ್ದರೆ ಅದನ್ನು ಗುಮ್ಮಟ, ಸಾಂತಾ ಕ್ರೋಚೆ, ಬರ್ಜೆಲ್ಲೊಗೆ ಕೊಡಿ, ಇಲ್ಲವೇ ಹತ್ತಿರದ ಊರು ಸಿಯೆನಾಗೆ ಹೋಗಿ ಬನ್ನಿ.

ಹಬ್ಬಗಳೂ ಲೆಕ್ಕಕ್ಕೆ ಬರುತ್ತವೆ. ಜೂನ್ 24 ಊರ ದೇವರು ಸಂತ ಜಾನ್‌ನ ಹಬ್ಬ. ಸಾಂತಾ ಕ್ರೋಚೆ ಚೌಕದಲ್ಲಿ ಮಣ್ಣು ಹರಡಿ ಹಳೇ ಕಾಲದ ಫುಟ್‌ಬಾಲ್ ಆಡುತ್ತಾರೆ, ಹೆಸರಿಗೆ ಫುಟ್‌ಬಾಲ್, ಅರ್ಧ ಕುಸ್ತಿ. ರಾತ್ರಿ ಪಟಾಕಿ. ಈಸ್ಟರ್ ಭಾನುವಾರ ಡುವೊಮೊ ಮುಂದೆ ಪಟಾಕಿ ತುಂಬಿದ ರಥಕ್ಕೆ ಬೆಂಕಿ ಇಡುತ್ತಾರೆ. ಇವನ್ನು ನೋಡಲೆಂದೇ ಹೋಗುವುದಾದರೆ ಒಂದು ರಾತ್ರಿ ಸೇರಿಸಿ. ಆಗಸ್ಟ್ 15ರ ಆಸುಪಾಸು ಊರಿನವರೇ ಊರು ಬಿಟ್ಟು ಸಮುದ್ರಕ್ಕೆ ಹೋಗುತ್ತಾರೆ, ಒಳ್ಳೆಯ ಸಣ್ಣ ಊಟದ ಹೋಟೆಲ್‌ಗಳು ಬಾಗಿಲು ಹಾಕಿರುತ್ತವೆ.

ಹಂತ 4: ಋತು ನೋಡಿ ಒಂದು ಕೂಡಿಸಿ ಅಥವಾ ಕಳೆಯಿರಿ

ಜುಲೈ, ಆಗಸ್ಟ್‌ನಲ್ಲಿ ಫ್ಲಾರೆನ್ಸ್ ಸುಡುತ್ತದೆ. ಊರು ಕಣಿವೆಯ ತಗ್ಗಿನಲ್ಲಿದೆ, ಗಾಳಿ ಆಡುವುದಿಲ್ಲ, ಕಲ್ಲಿನ ರಸ್ತೆ ಕಾವು ಹಿಡಿದಿಟ್ಟುಕೊಳ್ಳುತ್ತದೆ. 35 ಡಿಗ್ರಿ ದಾಟುವ ದಿನಗಳು ಅಪರೂಪವಲ್ಲ. ನಮ್ಮ ರಾಯಚೂರು, ಕಲಬುರಗಿಯವರು ನಗಬಹುದು. ಆದರೆ ಅಲ್ಲಿ ನೆರಳಿಲ್ಲದೆ ಹತ್ತು ಸಾವಿರ ಹೆಜ್ಜೆ ನಡೆಯಬೇಕು. ಬೇಸಿಗೆಯಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ರೂಮಿನಲ್ಲಿ ಮಲಗುವುದೇ ಜಾಣತನ. ಹೋದ ಮಧ್ಯಾಹ್ನಗಳಿಗೆ ಬದಲಾಗಿ ಒಂದು ರಾತ್ರಿ ಸೇರಿಸಿ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ಒಂಬತ್ತರ ಹೊತ್ತಿಗೆ, ಸಂಜೆಗಳು ಉದ್ದ ಇರುತ್ತವೆ ಎಂಬ ಲಾಭವೂ ಇದೆ.

ಡಿಸೆಂಬರ್‌ನಲ್ಲಿ ಐದಕ್ಕೆ ಮೊದಲೇ ಕತ್ತಲು. ಚಳಿ, ಆಗಾಗ ಮಳೆ. ಆದರೆ ಮ್ಯೂಸಿಯಂಗಳಲ್ಲಿ ಜನ ಕಮ್ಮಿ, ಬೆಳಗಿನ ಹೊತ್ತು ಹನ್ನೆರಡರವರೆಗೂ ಎಳೆಯುತ್ತದೆ. ಹಬ್ಬದ ವಾರ ಬಿಟ್ಟು ನವೆಂಬರ್‌ನಿಂದ ಫೆಬ್ರವರಿಯವರೆಗೆ ಮೂರು ರಾತ್ರಿಯ ಕೆಲಸ ಎರಡರಲ್ಲಿ ಮುಗಿಯಬಹುದು.

ಹಂತ 5: ಯಾರ ಜೊತೆ ಹೋಗುತ್ತಿದ್ದೀರಿ?

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ಒಂದು ರಾತ್ರಿ ಕಣ್ಣು ಮುಚ್ಚಿ ಸೇರಿಸಿ. ನಡು ಊರಿನಲ್ಲಿ ಎಲ್ಲಾ ನಡೆದೇ ಹೋಗಬೇಕು, ನೆಲ ಪೂರ್ತಿ ಕಲ್ಲುಹಾಸು. ಮಂಡಿ ನೋವಿರುವವರಿಗೆ ಗುಮ್ಮಟದ ಮಾತೇ ಬೇಡ. ಉಫೀತ್ಸಿಯಲ್ಲಿ ಲಿಫ್ಟ್ ಇದೆ, ಕೇಳಿದರೆ ತೋರಿಸುತ್ತಾರೆ. ರೂಮ್ ಬುಕ್ ಮಾಡುವಾಗ ಕಟ್ಟಡದಲ್ಲಿ ಲಿಫ್ಟ್ ಇದೆಯಾ ಎಂದು ಬರೆದೇ ಕೇಳಿ. ಹಳೆಯ ಮನೆಗಳ ಮೂರನೆಯ ಮಹಡಿ ಅಂದರೆ ನಮ್ಮ ಐದನೆಯದಷ್ಟು ಎತ್ತರ ಇರುತ್ತದೆ.

ಮಕ್ಕಳಿದ್ದರೆ ಲೆಕ್ಕ ಉಲ್ಟಾ. ಮ್ಯೂಸಿಯಂ ಒಂದು ಸಾಕು, ಅದೂ ಒಂದೂವರೆ ಗಂಟೆ. ಬೊಬೊಲಿ ತೋಟ, ರಿಪಬ್ಲಿಕ್ ಚೌಕದ ಹಳೆಯ ತಿರುಗುವ ಕುದುರೆ, ದಿನಕ್ಕೆರಡು ಐಸ್ ಕ್ರೀಮ್. ಎರಡು ರಾತ್ರಿಗೆ ಅವರು ಖುಷಿಯಾಗಿರುತ್ತಾರೆ, ನಾಲ್ಕನೆಯ ದಿನ ನಿಮ್ಮನ್ನು ಬಿಡುವುದಿಲ್ಲ.

ಸಸ್ಯಾಹಾರಿಗಳಿಗೆ ಈ ಊರು ಕಷ್ಟವಲ್ಲ, ಎಚ್ಚರ ಬೇಕು ಅಷ್ಟೇ. ಒಣ ರೊಟ್ಟಿ, ಬಿಳಿ ಬೀನ್ಸ್ ಕಾಳು, ಕಪ್ಪು ಎಲೆಕೋಸು ಹಾಕಿ ಕುದಿಸುವ ರಿಬೊಲ್ಲಿತಾ, ಟೊಮೆಟೊ ಮತ್ತು ರೊಟ್ಟಿಯ ಪಾಪ್ಪಾ ಅಲ್ ಪೊಮೊದೊರೊ, ಎರಡೂ ಹೊಟ್ಟೆ ತುಂಬಿಸುತ್ತವೆ. ಮಾಂಸದ ಸ್ಟಾಕ್ ಹಾಕಿದ್ದೀರಾ ಎಂದು ಮಾತ್ರ ಕೇಳಿ. ಇಲ್ಲಿನ ರೊಟ್ಟಿಗೆ ಉಪ್ಪೇ ಹಾಕುವುದಿಲ್ಲ, ಅಂಗಡಿಯವರು ಮರೆತಿದ್ದಾರೆ ಅಂದುಕೊಳ್ಳಬೇಡಿ. ಪಾರ್ಮಿಜಾನೊ ಚೀಸ್‌ಗೆ ಹಾಲು ಹೆಪ್ಪುಗಟ್ಟಲೆಂದು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಅದು ಬೇಡದವರು ಮೊದಲೇ ಹೇಳಬೇಕು. ನಾಲ್ಕು ರಾತ್ರಿ ಮೇಲಾದರೆ ಅಡುಗೆ ಮನೆ ಇರುವ ಅಪಾರ್ಟ್‌ಮೆಂಟ್ ನೋಡಿ, ಸಾಂತ್ ಅಂಬ್ರೋಜೊ ಮಾರುಕಟ್ಟೆಯ ತರಕಾರಿ ತಂದು ಒಂದು ಹೊತ್ತು ಅನ್ನ ಸಾರು ಮಾಡಿಕೊಂಡರೆ ಎಲ್ಲರ ಮುಖದಲ್ಲೂ ಕಳೆ ಬರುತ್ತದೆ.

ಹಂತ 6: ಊರು ಮಾತ್ರವಾ, ಸುತ್ತಮುತ್ತಲೂವಾ?

ನಾಲ್ಕು, ಐದು ರಾತ್ರಿಯ ಪ್ರಶ್ನೆ ಬರುವುದು ಇಲ್ಲಿ. ಫ್ಲಾರೆನ್ಸ್ ಸುತ್ತಲಿನ ಟಸ್ಕನಿ ಪ್ರಾಂತ್ಯದ ಊರುಗಳಿಗೆ ಇಲ್ಲಿಂದ ರೈಲು, ಬಸ್ಸು ಚೆನ್ನಾಗಿವೆ. ಒಂದು ಊರಿಗೆ ಹೋಗಿ ಬರಲು ಒಂದು ರಾತ್ರಿ ಸೇರಿಸಿ.

ಸಿಯೆನಾ ಮೊದಲು. ಬಸ್ಸಿನಲ್ಲಿ ಒಂದೂಕಾಲು ಗಂಟೆ, ರೈಲಿನಲ್ಲಿ ಒಂದೂವರೆ. ಬಸ್ಸೇ ಒಳ್ಳೆಯದು, ಹಳೆಯ ಊರಿನ ಅಂಚಿಗೇ ಬಿಡುತ್ತದೆ. ರೈಲು ನಿಲ್ದಾಣ ಗುಡ್ಡದ ಕೆಳಗಿದೆ. ಜುಲೈ 2 ಮತ್ತು ಆಗಸ್ಟ್ 16ರಂದು ಅಲ್ಲಿ ಪಾಲಿಯೊ ಕುದುರೆ ಓಟ. ಆ ದಿನಗಳಲ್ಲಿ ಸುಮ್ನೆ ಊರು ನೋಡಿಬರೋಣ ಅಂತ ಹೋದರೆ ನಿಲ್ಲಲೂ ಜಾಗ ಸಿಗುವುದಿಲ್ಲ.

ಪೀಸಾಗೆ ರೈಲಿನಲ್ಲಿ ಒಂದು ಗಂಟೆ. ವಾಲುಗೋಪುರ ನೋಡಿ, ಫೋಟೋ ತೆಗೆದು, ಮೂರು ಗಂಟೆಯಲ್ಲಿ ಮುಗಿಯುತ್ತದೆ. ಅದಕ್ಕೇ ಒಂದು ದಿನ ಕೊಡಬೇಡಿ. ಅಲ್ಲಿಂದ ಅರ್ಧ ಗಂಟೆ ರೈಲಿನಲ್ಲಿ ಲುಕ್ಕಾ. ಊರ ಸುತ್ತ ಕೋಟೆ ಗೋಡೆ, ಅದರ ಮೇಲೆ ಮರಗಳ ಸಾಲು, ಸೈಕಲ್ ಬಾಡಿಗೆಗೆ ಸಿಗುತ್ತದೆ. ಎರಡೂ ಸೇರಿ ಒಂದು ಒಳ್ಳೆಯ ದಿನ.

ಬೊಲೊನ್ಯಾ ವೇಗದ ರೈಲಿನಲ್ಲಿ ನಲವತ್ತು ನಿಮಿಷದೊಳಗೆ. ಆದರೆ ವೆನಿಸ್‌ಗೆ ಹೋಗುವ ರೈಲು ಹೇಗಿದ್ದರೂ ಅಲ್ಲಿ ನಿಲ್ಲುತ್ತದೆ, ಹೋಗುವ ದಾರಿಯಲ್ಲಿ ಇಳಿದು ಊಟ ಮಾಡಿ ಮುಂದೆ ಹೋಗಬಹುದು. ಸಮುದ್ರದಂಚಿನ ಐದು ಹಳ್ಳಿಗಳ ಚಿಂಕ್ವೆ ತೆರ್ರೆಯನ್ನು ಫ್ಲಾರೆನ್ಸ್‌ನಿಂದ ಒಂದು ದಿನದಲ್ಲಿ ಮಾಡುತ್ತೇವೆ ಅನ್ನುವವರಿಗೆ ನನ್ನ ಉತ್ತರ ಒಂದೇ: ಬೇಡ. ಹೋಗಲು ಎರಡೂವರೆ ಗಂಟೆ, ಬರಲು ಅಷ್ಟೇ. ಅಲ್ಲೇ ಒಂದು ರಾತ್ರಿ ಉಳಿಯಿರಿ, ಇಲ್ಲ ಬಿಟ್ಟುಬಿಡಿ. ಊರು ಬಿಟ್ಟು ದೂರ ಹೋಗಲು ಮನಸ್ಸಿಲ್ಲದವರಿಗೆ ಗುಡ್ಡದ ಮೇಲಿನ ಫಿಯೆಜೊಲೆ ಇದೆ, 7ನೇ ನಂಬರಿನ ಸಿಟಿ ಬಸ್ಸಿನಲ್ಲಿ ಅರ್ಧ ಗಂಟೆ. ಅದಕ್ಕೆ ಒಂದು ಸಂಜೆ ಸಾಕು.

ಪೀಸಾ, ಲುಕ್ಕಾ, ಸಿಯೆನಾಗಳಿಗೆ ಹೋಗುವ ಪ್ರಾದೇಶಿಕ ರೈಲುಗಳ ದರ ಬದಲಾಗುವುದಿಲ್ಲ, ಅವತ್ತೇ ಟಿಕೆಟ್ ತಗೊಳ್ಳಬಹುದು. ಹಾಗಾಗಿ ಯಾವ ದಿನ ಹೋಗುವುದೆಂದು ಮೊದಲೇ ಗಂಟು ಹಾಕಿಕೊಳ್ಳಬೇಡಿ, ಮಳೆ ಬಿಸಿಲು ನೋಡಿ ಹೋಗಿ. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮ್ ಬಳಿಯ ಯಂತ್ರದಲ್ಲಿ ಮುದ್ರೆ ಹಾಕಿಸಿಕೊಳ್ಳಲೇಬೇಕು, ಇಲ್ಲದಿದ್ದರೆ ದಂಡ. ಕಾರು ಬಾಡಿಗೆಗೆ ತಗೊಳ್ಳುವವರು ಫ್ಲಾರೆನ್ಸ್ ಬಿಡುವ ದಿನ ತಗೊಳ್ಳಿ. ನಡು ಊರಿಗೆ ಹೊರಗಿನ ಗಾಡಿಗಳು ಬರಕೂಡದು, ಕ್ಯಾಮೆರಾ ನಂಬರ್ ಹಿಡಿಯುತ್ತದೆ, ದಂಡದ ಕಾಗದ ತಿಂಗಳುಗಳ ಮೇಲೆ ಬೆಂಗಳೂರಿನ ಮನೆಗೆ ಬರುತ್ತದೆ.

ಹಂತ 7: ವೀಸಾ ಮತ್ತು ದುಡ್ಡಿನ ಜೊತೆ ತಾಳೆ ನೋಡಿ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ರಾತ್ರಿಗಳ ಲೆಕ್ಕ ವೀಸಾದ ವಿಷಯವೂ ಹೌದು. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಶೆಂಗೆನ್ ವೀಸಾಗೆ ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಸಮ ಬಂದರೆ ಮೊದಲು ಕಾಲಿಡುವ ದೇಶಕ್ಕೆ. ಸ್ವಿಟ್ಜರ್ಲೆಂಡ್ ಮತ್ತು ಇಟಲಿ ಎರಡಕ್ಕೂ ಹೋಗುವವರಿಗೆ ಫ್ಲಾರೆನ್ಸ್‌ನ ಒಂದು ರಾತ್ರಿ ಹೆಚ್ಚು ಕಡಿಮೆಯಾದರೆ ಅರ್ಜಿ ಹಾಕುವ ದೇಶವೇ ಬದಲಾಗಬಹುದು. ಅರ್ಜಿಯ ಜೊತೆ ಪ್ರತಿ ರಾತ್ರಿ ಎಲ್ಲಿ ತಂಗುತ್ತೀರಿ ಎಂದು ತೋರಿಸಬೇಕಲ್ಲ, ಆದ್ದರಿಂದ ಅಪಾಯಿಂಟ್‌ಮೆಂಟ್‌ಗೆ ಮೊದಲೇ ಈ ಲೆಕ್ಕ ಮುಗಿದಿರಲಿ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಅಲ್ಲಿಯವರೆಗೆ ಹೋಟೆಲ್‌ಗಳನ್ನು ದುಡ್ಡು ಕಳೆಯದೆ ರದ್ದು ಮಾಡುವ ಷರತ್ತಿನಲ್ಲಿ ಬುಕ್ ಮಾಡಿ.

ದುಡ್ಡಿನ ಲೆಕ್ಕದಲ್ಲಿ ಜನ ಮರೆಯುವುದು ಎರಡು. ಒಂದು, ಊರಿನ ತಂಗುವ ತೆರಿಗೆ. ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಎಂದು ಹೋಟೆಲ್ ದರ್ಜೆ ನೋಡಿ ಹಾಕುತ್ತಾರೆ, ಬುಕಿಂಗ್ ದರದಲ್ಲಿ ಬಹಳ ಸಲ ಸೇರಿರುವುದಿಲ್ಲ, ಅಲ್ಲಿ ಕಟ್ಟಬೇಕು. ಎರಡು, ಊರು ಬದಲಾಯಿಸುವ ಖರ್ಚು. ಇನ್ನೊಂದು ಊರು ಸೇರಿಸಿದಾಗ ರೈಲು ಟಿಕೆಟ್ ಮಾತ್ರವಲ್ಲ, ಅರ್ಧ ದಿನವೂ ಹೋಗುತ್ತದೆ. ಐದು ಊರಿಗೆ ಎರಡೆರಡು ರಾತ್ರಿ ಹಂಚುವುದಕ್ಕಿಂತ ಒಂದು ಊರು ಕೈಬಿಟ್ಟು ಫ್ಲಾರೆನ್ಸ್‌ನಲ್ಲಿ ಮೂರನೆಯ ರಾತ್ರಿ ಇರುವುದು ಅಗ್ಗ. ಹತ್ತು ದಿನದ ಮೊದಲ ಪ್ರವಾಸಕ್ಕೆ ರೋಮ್ ನಾಲ್ಕು, ಫ್ಲಾರೆನ್ಸ್ ಮೂರು, ವೆನಿಸ್ ಎರಡು ರಾತ್ರಿ ಎಂದೇ ನಾನು ಹೇಳುವುದು. ರೋಮ್‌ನಲ್ಲಿ ಇಳಿದು ವೆನಿಸ್ ಅಥವಾ ಮಿಲಾನ್‌ನಿಂದ ವಾಪಸ್ ವಿಮಾನ ಹತ್ತಿದರೆ ಬಂದ ದಾರಿಯಲ್ಲೇ ಹಿಂದಿರುಗುವ ಒಂದು ದಿನ ಉಳಿಯುತ್ತದೆ.

ಹಂತ 8: ಈಗ ಸಂಖ್ಯೆ ಆರಿಸಿ

ರೋಮ್‌ನಿಂದ ಒಂದು ದಿನಕ್ಕೆ: ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ. ಏಳರ ರೈಲು ಹಿಡಿದು ಒಂದೇ ಮ್ಯೂಸಿಯಂ ನೋಡಿ, ಸಂಜೆ ಹೊರಡಿ. ಊರಿನ ಚೆಂದದ ಹೊತ್ತು ಶುರುವಾಗುವಾಗ ನೀವು ಸ್ಟೇಷನ್‌ನಲ್ಲಿರುತ್ತೀರಿ.

ಒಂದು ರಾತ್ರಿ: ಮಧ್ಯಾಹ್ನ ಹನ್ನೆರಡರೊಳಗೆ ಬನ್ನಿ, ಮಾರನೆಯ ದಿನ ಮೂರರ ಮೇಲೆ ಹೊರಡಿ. ಸ್ಟೇಷನ್ ಹತ್ತಿರ ರೂಮ್ ಹಿಡಿಯಿರಿ, ಕಲ್ಲುಹಾಸಿನ ಮೇಲೆ ಸೂಟ್‌ಕೇಸ್ ಎಳೆಯುವ ಶಿಕ್ಷೆ ತಪ್ಪುತ್ತದೆ. ಉಫೀತ್ಸಿ ಅಥವಾ ಡೇವಿಡ್, ಎರಡರಲ್ಲಿ ಒಂದು.

ಎರಡು ರಾತ್ರಿ: ಚಿತ್ರ, ಶಿಲ್ಪದ ಹುಚ್ಚಿಲ್ಲದವರಿಗೆ ಇದು ಸಾಕು. ಒಂದು ಬೆಳಗು ಉಫೀತ್ಸಿ, ಇನ್ನೊಂದು ಬೆಳಗು ಡೇವಿಡ್, ನಡುವಿನ ಮಧ್ಯಾಹ್ನ ಡುವೊಮೊ.

ಮೂರು ರಾತ್ರಿ: ಬುಧವಾರ ಮಧ್ಯಾಹ್ನ ಬಂದಿರಿ ಅನ್ನೋಣ. ಅವತ್ತು ಯಾವ ಟಿಕೆಟ್ಟೂ ಬೇಡ. ಡುವೊಮೊ ಹೊರಗಿಂದ ನೋಡಿ, ಸಿನ್ಯೋರಿಯಾ ಚೌಕ ದಾಟಿ ನದಿಗೆ ಬನ್ನಿ. ಪೊಂಟೆ ವೆಕ್ಕಿಯೊ ಮೇಲೆ ನಿಂತರೆ ಅದು ಕಾಣುವುದಿಲ್ಲ, ಪಕ್ಕದ ಸಾಂತಾ ತ್ರಿನಿತಾ ಸೇತುವೆಗೆ ಹೋಗಿ. 1944ರಲ್ಲಿ ಹಿಂದೆಗೆಯುತ್ತಿದ್ದ ಜರ್ಮನ್ ಸೇನೆ ಪೊಂಟೆ ವೆಕ್ಕಿಯೊ ಒಂದನ್ನು ಬಿಟ್ಟು ಊರಿನ ಸೇತುವೆಗಳನ್ನೆಲ್ಲ ಸ್ಫೋಟಿಸಿತು. ಸಾಂತಾ ತ್ರಿನಿತಾವನ್ನು ನದಿಯಿಂದ ಎತ್ತಿದ ಹಳೆಯ ಕಲ್ಲುಗಳನ್ನೂ ಬಳಸಿ ಮತ್ತೆ ಕಟ್ಟಿದರು. ಅದರ ಮೂಲೆಯಲ್ಲಿ ವಸಂತದ ಪ್ರತಿಮೆಯೊಂದಿದೆ, ಅದರ ತಲೆ ನದಿಯ ತಳದಲ್ಲಿ ಸಿಕ್ಕಿದ್ದು 1961ರಲ್ಲಿ. ಕತ್ತು ಸೇರಿಸಿದ ಗುರುತು ಹತ್ತಿರ ಹೋದರೆ ಕಾಣುತ್ತದೆ.

ಗುರುವಾರ ಬೆಳಗ್ಗೆ 8:15ಕ್ಕೆ ಉಫೀತ್ಸಿ, ಮಧ್ಯಾಹ್ನ ಮಲಗಿ, ಸಂಜೆ ಸಾಂತಾ ಕ್ರೋಚೆ. ಶುಕ್ರವಾರ ಮೊದಲು ಅಕಾಡೆಮಿಯಾ, ಅಲ್ಲಿಂದ ಎರಡೇ ಹೆಜ್ಜೆಗೆ ಸಾನ್ ಮಾರ್ಕೊ, ಅದು ಮುಚ್ಚುವ ಮೊದಲು ಮುಗಿಸಿ. ಸಂಜೆ ಗುಡ್ಡ ಹತ್ತಿ. ಎಲ್ಲರೂ ಮೈಕೆಲೆಂಜೆಲೊ ಚೌಕದಲ್ಲಿ ಸೂರ್ಯಾಸ್ತಕ್ಕೆ ಕಾಯುತ್ತಾರೆ, ಜಾತ್ರೆ. ಇನ್ನೂ ಹತ್ತು ನಿಮಿಷ ಮೇಲೆ ನಡೆದರೆ ಸಾನ್ ಮಿನಿಯಾತೊ ಚರ್ಚ್. ನೋಟ ಅದೇ, ಜನ ಕಮ್ಮಿ. ಶನಿವಾರ ಬೆಳಗ್ಗೆ ಗುಮ್ಮಟ ಮತ್ತು ಅದರ ಮ್ಯೂಸಿಯಂ, ಮೂರರ ರೈಲಿಗೆ ಹೊರಡಿ.

ಬುಕಿಂಗ್‌ನ ಕ್ರಮವೂ ಗೊತ್ತಿರಲಿ: ಮೊದಲು ಗುಮ್ಮಟ, ಆಮೇಲೆ ಅಕಾಡೆಮಿಯಾ, ಆಮೇಲೆ ಉಫೀತ್ಸಿ. ಗುಮ್ಮಟದ ಬೆಳಗಿನ ಗಂಟೆಗಳು ಬೇಗ ಖಾಲಿಯಾಗುತ್ತವೆ. ಮ್ಯೂಸಿಯಂಗಳ ಸ್ವಂತ ವೆಬ್‌ಸೈಟ್‌ನಲ್ಲೇ ಕೊಳ್ಳಿ, ಮಧ್ಯವರ್ತಿಗಳು ಹೆಸರು ಒಂದೇ ಥರ ಇಟ್ಟುಕೊಂಡು ಜಾಸ್ತಿ ಕಿತ್ತುಕೊಳ್ಳುತ್ತಾರೆ.

ನಾಲ್ಕು ರಾತ್ರಿ: ಮೇಲಿನದಕ್ಕೆ ಸಿಯೆನಾ, ಇಲ್ಲವೇ ಪಿಟ್ಟಿ ಮತ್ತು ಬೊಬೊಲಿ ಸೇರಿಸಿ. ಉಫೀತ್ಸಿ, ಪಿಟ್ಟಿ, ಬೊಬೊಲಿ ಮೂರಕ್ಕೂ ಸೇರಿ ಐದು ದಿನದ ಒಂದೇ ಟಿಕೆಟ್ ಸಿಗುತ್ತದೆ. ರೂಮನ್ನು ನದಿಯಾಚೆಯ ಸಾಂತೊ ಸ್ಪಿರಿತೊ ಕಡೆ ಹಿಡಿಯಿರಿ, ಅಲ್ಲಿ ಚೌಕಟ್ಟು ಮಾಡುವವರು, ಪುಸ್ತಕ ಕಟ್ಟುವವರು ಇನ್ನೂ ಬಾಗಿಲು ತೆಗೆದು ಕೆಲಸ ಮಾಡುತ್ತಾರೆ.

ಐದು ಅಥವಾ ಜಾಸ್ತಿ: ಎರಡು ಹೊರಗಿನ ಊರು, ಒಂದು ಏನೂ ಮಾಡದ ದಿನ. ಆ ಖಾಲಿ ದಿನಕ್ಕೆ ಊರಿನ ಪಶ್ಚಿಮಕ್ಕಿರುವ ಕಾಷಿನೆ ಪಾರ್ಕ್ ಒಳ್ಳೆಯ ಜಾಗ, ಸ್ಟೇಷನ್‌ನಿಂದ ಟ್ರಾಮ್ ಇದೆ. ನಮ್ಮ ಬೆಳಗಾವಿಯ ಪಕ್ಕದ ಕೊಲ್ಹಾಪುರದ ಯುವ ಮಹಾರಾಜ ರಾಜಾರಾಮ ಇಂಗ್ಲೆಂಡ್ ನೋಡಿ ಊರಿಗೆ ಮರಳುವಾಗ 1870ರ ನವೆಂಬರ್‌ನಲ್ಲಿ ಫ್ಲಾರೆನ್ಸ್‌ನಲ್ಲಿ ತೀರಿಕೊಂಡರು. ಆರ್ನೊಗೆ ಮುನ್ಯೋನೆ ಹೊಳೆ ಸೇರುವ ಸಂಗಮದಲ್ಲಿ ಅವರ ದಹನ ನಡೆಯಿತು. ಅಲ್ಲಿ ಛತ್ರಿಯಾಕಾರದ ಮಂಟಪದ ಕೆಳಗೆ ಪೇಟ ತೊಟ್ಟ ಅವರ ಪ್ರತಿಮೆ ಇದೆ, ಪಕ್ಕದ ಸೇತುವೆಗೂ ಇಂಡಿಯಾದವನ ಸೇತುವೆ ಎಂದೇ ಹೆಸರು. ಸ್ಮಾರಕ ಪಾರ್ಕಿನ ಆ ತುದಿಯಲ್ಲಿದೆ, ಟ್ರಾಮ್ ಇಳಿದ ಮೇಲೆ ಬಹಳ ನಡೆಯಬೇಕು. ಸೈಕಲ್ ಬಾಡಿಗೆಗೆ ತಗೊಂಡು ಹೋಗಿ. ಮಂಗಳವಾರ ಬೆಳಗ್ಗೆ ಹೋದರೆ ದಾರಿಯಲ್ಲಿ ವಾರದ ಸಂತೆಯೂ ಸಿಗುತ್ತದೆ, ಬಟ್ಟೆ, ಪಾತ್ರೆ, ಚೀಸ್, ಹಣ್ಣು, ಎಲ್ಲ ಊರಿನವರ ದರದಲ್ಲಿ.